ತಟ್ಟಿ ನೋಡದ ಗೋಡೆ

"ಬಾಗಿಲು ತೆಗೀರಿ! ತೆಗೀತೀರೋ ಇಲ್ವೋ?"

ಅವಳು ಬಡಿದ ಬಡಿತಕ್ಕೆ ಮೇಲಿನ ಮನೆಯ ಚಿಲಕ ಒಳಗೇ ಕುಣಿಯಿತು. ಕೈಯಲ್ಲಿ ಅಂಗೈಯಗಲದ ಗಾರೆಯ ಚೂರು. ಕಾಲಲ್ಲಿ ಚಪ್ಪಲಿ ಇಲ್ಲ, ಜಡೆ ಅರ್ಧಕ್ಕೇ ಬಿಟ್ಟುಹೋಗಿದೆ.

ಐದು ನಿಮಿಷದ ಹಿಂದೆ, ಬೆಳಗಿನ ಜಾವ ಎರಡೂವರೆಗೆ, ಈ ಚೂರು, ಇದರ ಜೊತೆ ಇನ್ನೂ ಒಂದು ಬುಟ್ಟಿಯಷ್ಟು ಗಾರೆ, ಕೆಳಗಿನ ಮನೆಯ ಚಾವಣಿಯಿಂದ ಕಳಚಿ ಅಮ್ಮನ ದಿಂಬಿನ ಮೇಲೆ ಬಿದ್ದಿತ್ತು. ಅಮ್ಮ ಆಗಷ್ಟೇ ನೀರು ಕುಡಿಯಲು ಎದ್ದುಹೋಗಿದ್ದರು. ಎದ್ದುಹೋಗದೇ ಇದ್ದಿದ್ದರೆ...

ಆ ಮಾತನ್ನು ಮುಂದುವರಿಸಲು ಅವಳ ಮನಸ್ಸಿಗೆ ಧೈರ್ಯವಾಗಲಿಲ್ಲ. ಮತ್ತೆ ಬಾಗಿಲು ಬಡಿದಳು.

ಬಾಗಿಲು ತೆರೆಯಿತು.

ಏಳು ತಿಂಗಳಿಂದ ತನ್ನ ತಲೆಯ ಮೇಲೆಯೇ ಓಡಾಡಿಕೊಂಡಿದ್ದ ಮನುಷ್ಯನ ಮುಖವನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲು! ಅವನು ಬೇಕರಿಯಲ್ಲಿ ಬ್ರೆಡ್ ಮಾಡುವವನು. ಬೆಳಗಿನ ಜಾವ ಮೂರಕ್ಕೆ ಹೋಗಿ ಮಧ್ಯಾಹ್ನ ಬರುತ್ತಿದ್ದ. ಅವಳು ಎಂಟಕ್ಕೆ ಟೈಲ್ಸ್ ಫ್ಯಾಕ್ಟರಿಗೆ ಹೋಗಿ ಸಂಜೆ ಆರಕ್ಕೆ ಬರುವಷ್ಟರಲ್ಲಿ ಅವನು ಮಲಗಿಬಿಟ್ಟಿರುತ್ತಿದ್ದ. ಮನೆ ಬಾಡಿಗೆಗೆ ಕೊಟ್ಟವರು, ತಿಂಗಳು ತಿಂಗಳು ಬಾಡಿಗೆ ಇಸಿದುಕೊಂಡವರು ಎಲ್ಲಾ ಅಮ್ಮನೇ. ಅವಳ ಪಾಲಿಗೆ ಅವನೆಂದರೆ ಚಾವಣಿಯ ಮೇಲಿನ ಹೆಜ್ಜೆ ಸದ್ದು ಮಾತ್ರ.

"ಏನ್ರೀ ಮಾಡಿಟ್ಟಿದೀರಿ ನಮ್ಮ ಮನೇನ?" ಗಾರೆಯ ಚೂರನ್ನು ಅವನ ಮೂಗಿನ ತುದಿಗೆ ಹಿಡಿದಳು. "ಬಾತ್‌ರೂಮಿನ ನೀರೆಲ್ಲ ಕೆಳಗಿಳಿದು ಚಾವಣಿ ಗಾರೆ ನಮ್ಮಮ್ಮನ ಹಾಸಿಗೆ ಮೇಲೆ ಬಿದ್ದಿದೆ!"

ಅವನು ಚೂರನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಅಮ್ಮ?... ಅಮ್ಮನಿಗೆ ಏನೂ ಆಗಿಲ್ಲ ತಾನೇ?"

ಜಗಳಕ್ಕೆಂದೇ ಟೊಂಕ ಕಟ್ಟಿ ಬಂದಿದ್ದ ಅವಳಿಗೆ ಈ ಪ್ರಶ್ನೆ ಲೆಕ್ಕದಲ್ಲೇ ಇರಲಿಲ್ಲ.

"ಆಗಿಲ್ಲ... ಆದ್ರೆ ಆಗಬಹುದಿತ್ತು!"

ಅಷ್ಟರಲ್ಲಿ ಅವನು ಅವಳ ಪಕ್ಕದಿಂದ ನುಸುಳಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಾಗಿತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ, ಮಂಚವನ್ನು ಒಬ್ಬನೇ ಮುಂದಿನ ಕೋಣೆಗೆ ಎಳೆದ. ಚಾವಣಿಯನ್ನು ನೋಡುತ್ತಾ ನಿಂತು, ಯಾರೂ ಕೇಳದೆಯೇ ಹೇಳಿದ.

"ತಪ್ಪು ನಂದೇ."

ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವನ ಹತ್ತಿರ ಜಗಳವಾಡುವುದು ಹೇಗೆ? ಅವಳಿಗೆ ಸಿಟ್ಟು ಬಂದಿದ್ದೇ ಅದಕ್ಕೆ!

* * *

ಮಧ್ಯಾಹ್ನದ ಹೊತ್ತಿಗೆ ಅಕ್ಕನ ಗಂಡ ಹಾಜರ್. ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದ ಭಾವನಿಗೆ, ಮನೆಯಲ್ಲಿ ಸಕ್ಕರೆ ಡಬ್ಬಿ ಕಳೆದುಹೋದರೂ ಯಾವ ಕಲಮಿನಡಿ ದೂರು ಕೊಡಬಹುದೆಂದು ಯೋಚಿಸುವ ಅಭ್ಯಾಸ.

"ನೋಡು, ದಾರಿ ಎಷ್ಟಿವೆ ಅಂತ ಹೇಳ್ತೀನಿ, ಕಿವಿಗೊಟ್ಟು ಕೇಳು. ಅಡ್ವಾನ್ಸ್ ದುಡ್ಡು ನಿನ್ ಕೈಲಿದೆ, ಅದನ್ನ ಹಿಡ್ಕೊಳ್ಳಬಹುದು. ಆದ್ರೆ ಸುಮ್‌ಸುಮ್ನೆ ಹಿಡ್ಕೊಳ್ಳೋ ಹಾಗಿಲ್ಲ. ಏನು ಹಾಳಾಗಿದೆ, ರಿಪೇರಿಗೆ ಎಷ್ಟಾಗತ್ತೆ ಅಂತ ಪಟ್ಟಿ ಬರೆದು ಕೊಡಬೇಕು."

"ಗಾರೆ ಕೆಲಸದವರು ಹೇಳಿದ ಮೊತ್ತಕ್ಕೆ ಅಡ್ವಾನ್ಸ್ ಸಾಲಲ್ಲ ಭಾವ. ಚಾವಣಿ ಪೂರ್ತಿ ಮಾಡಿಸಬೇಕಂತೆ."

"ಹಾಗಾದ್ರೆ ಉಳಿದಿದ್ದಕ್ಕೆ ನೋಟಿಸು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ರಾಜಿ ಕಚೇರಿ. ಇಬ್ರನ್ನೂ ಕೂರಿಸಿ ಮಾತಾಡ್ತಾರೆ, ಖರ್ಚು ಕಮ್ಮಿ. ಅಲ್ಲೂ ಆಗಲಿಲ್ಲ ಅಂದ್ರೆ ಕೋರ್ಟು. ಆದ್ರೆ ಕೋರ್ಟಿಗೆ ಹೋದ್ರೆ ತೀರ್ಪು ಬರೋಷ್ಟರಲ್ಲಿ ನಿನ್ ಕೂದಲು ಬೆಳ್ಳಗಾಗಿರತ್ತೆ."

"ಇನ್ಶೂರೆನ್ಸು ಅಂತಾರಲ್ಲ...?"

"ಮಾಡಿಸಿದೀಯಾ?"

"ಇಲ್ಲ."

"ಮತ್ತೆ ಅದರ ಸುದ್ದಿ ಯಾಕೆ?" ಭಾವ ಕನ್ನಡಕ ಏರಿಸಿದರು. "ಮುಖ್ಯವಾದ ಮಾತು ಇದು. ಅವನಿಗೆ ಮನೆ ಕೊಟ್ಟಾಗ ಎಲ್ಲ ಸರಿ ಇತ್ತು ಅನ್ನೋದಕ್ಕೆ ಸಾಕ್ಷಿ ಏನಿದೆ?"

ಅವಳು ಕಪಾಟಿನಿಂದ ಎರಡು ಹಾಳೆ ತಂದು ಮುಂದಿಟ್ಟಳು. ಆ ಹಾಳೆಗಳ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಫ್ಯಾಕ್ಟರಿಯಲ್ಲಿ ಅವಳ ಕೆಲಸ ತಟ್ಟುವುದು. ಪುಟ್ಟ ಮರದ ಸುತ್ತಿಗೆಯಿಂದ ಒಂದೊಂದು ಟೈಲ್ಸಿಗೂ ಒಂದು ಪೆಟ್ಟು. ಸದ್ದು ಕೇಳಿದ ಕೂಡಲೇ ಒಳಗೆ ಬಿರುಕಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಜೊತೆಯವರು ಅವಳನ್ನು ಕರೆಯುತ್ತಿದ್ದದ್ದೇ 'ಟಕ್‌ಟಕ್' ಎಂದು. ಮೇಲಿನ ಮನೆ ಬಾಡಿಗೆಗೆ ಕೊಡುವ ಮುಂಚೆ ಅವಳು ಅದೇ ಸುತ್ತಿಗೆ ಹಿಡಿದು ಖಾಲಿ ಮನೆಯನ್ನೆಲ್ಲ ತಟ್ಟಿ, ಕೋಣೆವಾರು ಪಟ್ಟಿ ಮಾಡಿದ್ದಳು. ಕೆಳಗೆ ಅಮ್ಮ ಹಾಕಿಸಿಕೊಂಡಿದ್ದ ಬಾಡಿಗೆಯವನ ಸಹಿಯೂ ಇತ್ತು.

"ಬಚ್ಚಲುಮನೆ... ಗೋಡೆ, ನೆಲ ಎಲ್ಲ ಸರಿ ಇದೆ," ಎಂದು ಭಾವ ಜೋರಾಗಿ ಓದಿದರು. "ಆಹಾ! ಇದೊಂದೇ ಸಾಕು. ಸಿಕ್ಕಿಬಿದ್ದ ಬಿಡು!"

ಅಮ್ಮ ಕುರ್ಚಿಯಿಂದಲೇ ಮೆಲ್ಲಗೆ ಹೇಳಿದರು. "ಬ್ರೆಡ್ಡಿನವರು ಒಳ್ಳೆಯವರು ಕಣಪ್ಪ."

"ಒಳ್ಳೆಯವರ ಮನೆ ನೀರು ಕೆಳಗಿಳಿಯಲ್ವಾ ಅತ್ತೆ?"

ಅರ್ಜಿ ಅಂದೇ ತಯಾರಾಯಿತು. ರಾಜಿ ಕಚೇರಿಯವರು ಮೂರನೇ ಶನಿವಾರ ಹನ್ನೊಂದು ಗಂಟೆಗೆ ಬರಹೇಳಿದರು.

* * *

ಶನಿವಾರ ಬರುವವರೆಗೆ ಚಾವಣಿ ನಿಲ್ಲಬೇಕಲ್ಲ?

ಅವನೇ ಎಲ್ಲಿಂದಲೋ ನಾಲ್ಕು ಮರದ ಕಂಬ ತಂದು ಕೆಳಗಿನ ಕೋಣೆಯ ಚಾವಣಿಗೆ ಆಸರೆ ಕೊಟ್ಟ. ಮೇಲಿನ ಮನೆಯ ನೀರಿನ ವಾಲ್ವ್ ಬಂದ್ ಮಾಡಿದ. ಸ್ನಾನ ಬೇಕರಿಯಲ್ಲೇ. ಕುಡಿಯಲು, ಪಾತ್ರೆಗೆ ಕೆಳಗಿನ ನಲ್ಲಿಯಿಂದ ಎರಡು ಬಕೆಟ್ ಹೊತ್ತುಕೊಂಡು ಹೋಗುತ್ತಿದ್ದ. ಒಂದು ದಿನವೂ ಗೊಣಗಲಿಲ್ಲ.

ಆದರೂ ಒಳಗೆ ನಿಂತ ನೀರು ಚಾವಣಿಯಲ್ಲಿ ಹರಡುತ್ತಲೇ ಇತ್ತು. ಅವಳು ಬೆಳಿಗ್ಗೆ ಎದ್ದವಳೇ ಸ್ಟೂಲು ಹತ್ತಿ, ಒದ್ದೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದಳು. ಸಂಜೆಗೆ ಕಲೆ ಗೆರೆ ದಾಟಿರುತ್ತಿತ್ತು. ಫ್ಯಾಕ್ಟರಿಯಲ್ಲಿದ್ದಾಗ ಫೋನ್ ರಿಂಗಾದರೆ ಜೀವ ಬಾಯಿಗೆ ಬರುತ್ತಿತ್ತು... ಅಮ್ಮನಿಗೇನಾದರೂ...?

ಅವಳಂತೆಯೇ ಗಾಬರಿ ಬಿದ್ದವನು ಆ ಮನೆಯಲ್ಲಿ ಇನ್ನೊಬ್ಬನಿದ್ದ. ಸಂಜೆ ಆರಕ್ಕೆ ಮಲಗಿರಬೇಕಾದವನು ದಿನಾ ಆರೂ ಕಾಲಿಗೆ ಕೆಳಗಿಳಿದು ಬಂದು ಕಂಬಗಳನ್ನು ಅಲ್ಲಾಡಿಸಿ ನೋಡುತ್ತಿದ್ದ.

"ನಿಮಗೆ ನಿದ್ದೆ ಬೇಡ್ವಾ?" ಒಂದು ಸಂಜೆ ಅವಳು ಕೇಳಿಯೇಬಿಟ್ಟಳು.

"ಬೇಕು. ಇದನ್ನ ನೋಡದೆ ಮಲಗಿದ್ರೆ ಬರಲ್ಲ."

"ನಂಗೂ..." ಅಂದವಳು ತುಟಿ ಕಚ್ಚಿಕೊಂಡಳು. ಎದುರು ಪಕ್ಷದವನ ಹತ್ತಿರ ಇದನ್ನೆಲ್ಲ ಹೇಳುವುದುಂಟೇ?

ಇಬ್ಬರೂ ಕತ್ತೆತ್ತಿ ಚಾವಣಿ ನೋಡುತ್ತಾ ನಿಂತರು. ಕತ್ತು ನೋಯುವಷ್ಟು ಹೊತ್ತು.

"ಇವತ್ತು ಎರಡು ಬೆರಳು ಮುಂದೆ ಬಂದಿದೆ," ಎಂದಳು.

"ನಿನ್ನೆ ಮೂರು ಬಂದಿತ್ತು. ಕಮ್ಮಿ ಆಗ್ತಿದೆ."

"ನಿಜವಾಗ್ಲೂ?"

"ನಿಜವಾಗ್ಲೂ. ನೀವು ಒಬ್ರೇ ಅಳತೆ ಇಡ್ತಿದೀರಿ ಅಂದ್ಕೊಂಡ್ರಾ?"

ಅವಳಿಗೆ ನಗು ಬಂತು. ಗಾರೆ ಬಿದ್ದ ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು. ಅವನೂ ನಕ್ಕ. ನಕ್ಕಾಗ ಅವನ ಎಡಗೆನ್ನೆಯ ಮೇಲೆ ಉಳಿದಿದ್ದ ಹಿಟ್ಟಿನ ಗೆರೆ ಮುರಿಯಿತು, ಅದನ್ನು ಒರೆಸಲು ಅವಳ ಕೈ ಇನ್ನೇನು ಏಳಬೇಕು...

'ಥೂ! ನಮ್ಮ ಮನೆ ಹಾಳು ಮಾಡಿದವನು ಕಣೇ ಇವನು!'

ಮನಸ್ಸಿಗೆ ಹೇಳಿದಳು. ಮನಸ್ಸು ಸೊಪ್ಪು ಹಾಕಲಿಲ್ಲ. ಮರುದಿನ ಆರೂ ಹತ್ತಕ್ಕೆ ಕನ್ನಡಿಯ ಮುಂದೆ ನಿಂತು ಮುಂಗುರುಳು ಸರಿಮಾಡಿಕೊಳ್ಳುತ್ತಿದ್ದವಳನ್ನು ಅಮ್ಮ ನೋಡಿದರು. ನೋಡಿಯೂ ನೋಡದವರ ಹಾಗೆ ಬಟ್ಟೆ ಮಡಿಸಿದರು.

ಭಾವ ಮಾತ್ರ ಫೋನಿನಲ್ಲಿ ದಿನಾ ಕಿವಿ ಊದುತ್ತಿದ್ದರು. "ಇಷ್ಟು ಬೇಗ ಒಪ್ಪಿಕೊಂಡವನು ಇನ್ನೇನೋ ಮುಚ್ಚಿಡ್ತಿರ್ತಾನೆ, ಹುಷಾರು! ಬಚ್ಚಲಿನ ಫೋಟೋ ತೆಗೆದಿಡು."

* * *

ಆ ಫೋಟೋ ತೆಗೆಯಲು ಅವಳು ಮೇಲಿನ ಮನೆಗೆ ಹೋದದ್ದು ಗುರುವಾರ, ಫ್ಯಾಕ್ಟರಿಯ ವಾರದ ರಜೆ. ಅವನು ಇನ್ನೂ ಬೇಕರಿಯಿಂದ ಬಂದಿರಲಿಲ್ಲ. ಯಾವಾಗ ಬೇಕಾದರೂ ನೋಡಿಕೊಳ್ಳಿ ಎಂದು ಕೀಲಿ ಮೊದಲೇ ಕೊಟ್ಟಿದ್ದ.

ಬಚ್ಚಲುಮನೆಯ ಗೋಡೆಯಲ್ಲಿ, ನಲ್ಲಿಯ ಪಕ್ಕ, ಒಂದು ಟೈಲ್ಸಿನ ನಾಲ್ಕೂ ಅಂಚಿಗೆ ಬಿಳಿ ಗೋಂದು. ಬೇರೆ ಯಾವುದಕ್ಕೂ ಇಲ್ಲ, ಅದೊಂದಕ್ಕೆ ಮಾತ್ರ.

ಟೈಲ್ಸ್ ನೋಡುವುದೇ ಕಸುಬಾದವಳಿಗೆ ಅದು ಮತ್ತೆ ಅಂಟಿಸಿದ್ದು ಎಂದು ಗೊತ್ತಾಗಲು ಒಂದು ಕ್ಷಣ ಸಾಕಾಯಿತು. ಅವಳ ಎದೆ ಧಸಕ್ಕೆಂದಿತು. ಭಾವ ಹೇಳಿದ್ದು ನಿಜ...!

ಅವನು ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ನಡುವೆಯೇ ತಡೆದಳು.

"ಆ ಟೈಲ್ಸ್ ಅಂಟಿಸಿದ್ದು ಯಾರು?"

"ನಾನೇ."

"ಯಾವಾಗ?"

"ಬಂದ ಎರಡನೇ ತಿಂಗಳು. ತಾನಾಗೇ ಕಳಚಿ ಬಿತ್ತು."

"ಅಂದ್ರೆ ಐದು ತಿಂಗಳು! ಹಿಂದೆ ನೀರು ಸೋರ್ತಿರೋದು ಕಾಣಿಸ್ಲಿಲ್ವಾ?"

"ಕಾಣಿಸ್ತು. ಸ್ವಲ್ಪ ಜಿನುಗ್ತಿತ್ತು. ಗೋಂದು ಹಾಕಿದ್ರೆ ನಿಲ್ಲತ್ತೆ ಅಂದ್ಕೊಂಡೆ. ಹೊರಗೆ ಬರೋದು ನಿಲ್ತು... ಒಳಗೊಳಗೇ ಕೆಳಗಿಳಿಯತ್ತೆ ಅಂತ ನಂಗೆ ಹೊಳೀಲೇ ಇಲ್ಲ."

"ಮಾಲೀಕರು ಅಂತ ಕೆಳಗೇ ಇದೀವಲ್ಲ! ಒಂದು ಮಾತು ಯಾಕೆ ಹೇಳ್ಲಿಲ್ಲ?"

ಅವನು ಬಾಯಿ ತೆರೆದ. ಅವನ ದೃಷ್ಟಿ ಅವಳ ಭುಜ ದಾಟಿ ಕೆಳಗೆ ಹೋಯಿತು. ಕೆಳಬಾಗಿಲಲ್ಲಿ ಅಮ್ಮ ನಿಂತು ಇವರನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿದ.

"ಉತ್ತರ ಕೊಡಿ!"

"ತಪ್ಪು ನಂದೇ ಅಂತ ಆಗ್ಲೇ ಹೇಳಿದೀನಲ್ಲ."

"ನಾಚಿಕೆ ಆಗಲ್ವಾ? ದಿನಾ ಸಂಜೆ ಬಂದು ನನ್ ಜೊತೆ ನಿಂತು... ಅದೆಲ್ಲ ನಾಟಕಾನಾ?"

ಆ ಕೊನೆಯ ಮಾತಿಗೆ ಅವನ ಮುಖ ಬಾಡಿಹೋಯಿತು. "ನಾಟಕ ಅಲ್ಲ," ಎಂದ, ಬಹಳ ಮೆಲ್ಲಗೆ. "ಶನಿವಾರ ನೀವು ಎಲ್ಲಿ ಹೇಳ್ತೀರೋ ಅಲ್ಲಿ ಸಹಿ ಹಾಕ್ತೀನಿ. ಮನೆ ಖಾಲಿ ಮಾಡ್ತೀನಿ."

"ಮಾಡಿ!"

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಆದರೆ ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವುದು ಹೇಗೆ? ಅದೇ ಸಂಜೆ ಅವನು ಹಾಸಿಗೆ ಸುತ್ತಿಕೊಂಡು ಬೇಕರಿಯ ಮೇಲಿನ ಕೋಣೆಗೆ ಹೊರಟುಹೋದ. ಆರೂ ಕಾಲಿಗೆ ಅವಳು ಕಂಬಗಳ ನಡುವೆ ಒಬ್ಬಳೇ ನಿಂತಿದ್ದಳು.

* * *

ಶುಕ್ರವಾರ ಫ್ಯಾಕ್ಟರಿಯಲ್ಲಿ ಅವಳ ಮುಂದೆ ಟೈಲ್ಸ್ ಹರಿದು ಬರುತ್ತಿದ್ದವು. ಕೈ ತನ್ನ ಪಾಡಿಗೆ ಆಡುತ್ತಿತ್ತು, ಮನಸ್ಸು ಮೆಟ್ಟಿಲ ಮೇಲೇ ನಿಂತಿತ್ತು.

"ಏನೇ ಟಕ್‌ಟಕ್! ಬಿರುಕು ಬಿಟ್ಟಿರೋದನ್ನ ಪಾಸ್ ಮಾಡ್ತಿದೀಯಲ್ಲ!" ಪಕ್ಕದ ಮೇಜಿನ ಗೆಳತಿ ಒಂದನ್ನು ಎತ್ತಿ ತೋರಿಸಿದಳು.

"ತಟ್ಟಿದೆ ಕಣೇ, ಸರಿ ಇತ್ತು..."

"ಎಲ್ಲಿ ತಟ್ಟಿದೆ? ನಾನು ನೋಡ್ತಾನೇ ಇದ್ದೆ. ಸೀದಾ ಟಿಕ್ ಹಾಕಿದೆ."

ತಟ್ಟದೆ ಟಿಕ್ ಹಾಕಿದೆ...

ಅವಳ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು.

ಏಳು ತಿಂಗಳ ಹಿಂದಿನ ಆ ದಿನ... ಅಡುಗೆಮನೆ ತಟ್ಟಿದ್ದಳು. ಎರಡೂ ಕೋಣೆ ತಟ್ಟಿದ್ದಳು. ಬಚ್ಚಲುಮನೆಗೆ ಬಂದು, ಆ ನೀಲಿ ಹೂವಿನ ಟೈಲ್ಸಿನ ಗೋಡೆಯ ಮುಂದೆ ನಿಂತು, ಸುತ್ತಿಗೆ ಎತ್ತಿ... ಇಳಿಸಿದ್ದಳು.

ಅದು ಅಪ್ಪ ಹಾಕಿದ ಗೋಡೆ. ಇದೇ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪ, ಕಾಯಿಲೆ ಬಿದ್ದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ತಾವೇ ಒಂದೊಂದಾಗಿ ಕೂರಿಸಿದ ಗೋಡೆ. ಅವರ ಕೊನೆಯ ಕೆಲಸ. 'ಅಪ್ಪನ ಕೆಲಸಾನ ನಾನು ತಟ್ಟಿ ನೋಡೋದಾ?' ಅನ್ನಿಸಿತ್ತು. ತಟ್ಟದೆಯೇ 'ಎಲ್ಲ ಸರಿ ಇದೆ' ಎಂದು ಬರೆದಿದ್ದಳು.

ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದಳು. ಅಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದರು. ಬೆಕ್ಕಿನ ಹೆಜ್ಜೆಯಲ್ಲಿ ಮೇಲೆ ಹತ್ತಿದಳು.

ಸುತ್ತಿಗೆ ಎತ್ತಿದಳು. ತಟ್ಟಿದಳು.

ಡಬ್.

ಇನ್ನೊಂದು. ಡಬ್. ಅದರ ಪಕ್ಕದ್ದು, ಮೇಲಿನದ್ದು, ಮೂಲೆಯದ್ದು... ಡಬ್, ಡಬ್, ಡಬ್. ಇಡೀ ಗೋಡೆ ಟೊಳ್ಳು!

ಚಾಕುವಿನಿಂದ ಗೋಂದು ಕೆರೆದು ಆ ಒಂದು ಟೈಲ್ಸ್ ತೆಗೆದಳು. ಹಿಂದೆ ನಾಲ್ಕು ಮೂಲೆಗೆ ನಿಂಬೆಹಣ್ಣಿನಷ್ಟು ಸಿಮೆಂಟು, ನಡುವೆ ಏನೂ ಇಲ್ಲ. ಒಳಗಿನ ಪೈಪಿನ ಜೋಡಣೆಗೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಬಟ್ಟೆ ಕೊಳೆತು ಕಪ್ಪಾಗಿತ್ತು, ಆದರೂ ಗೆರೆ ಗೊತ್ತಾಗುತ್ತಿತ್ತು. ಅಪ್ಪನ ಹಸಿರು ಗೆರೆಯ ಅಂಗಿ.

ಅವಳು ಬಚ್ಚಲ ನೆಲದ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

'ಇದನ್ನ ಮೇಲಿನ ಮನೆಯವರು ನೋಡಿದಾರೆ. ಐದು ತಿಂಗಳ ಹಿಂದೆಯೇ ನೋಡಿದಾರೆ...'

ಆಗ ಎಲ್ಲವೂ ತಿಳಿಯಿತು. ಬಾಡಿಗೆ ಇಸಿದುಕೊಳ್ಳಲು ಮೇಲೆ ಹೋದಾಗಲೆಲ್ಲ ಅಮ್ಮ ಈ ಗೋಡೆಯ ಮೇಲೆ ಕೈಯಾಡಿಸಿ ಬರುತ್ತಿದ್ದರು. 'ಇದು ನಮ್ಮವರು ಹಾಕಿದ್ದು' ಎಂದು ಎಲ್ಲರಿಗೂ ಹೇಳುತ್ತಿದ್ದರು, ಅವನಿಗೂ ಹೇಳಿರುತ್ತಾರೆ. ಅಂಥವರ ಮುಂದೆ, 'ನಿಮ್ಮವರ ಕೆಲಸ ಕೆಟ್ಟಿದೆ' ಎನ್ನಲು ಅವನಿಗೆ ಬಾಯಿ ಬಂದಿಲ್ಲ. ನಿನ್ನೆ ಮೆಟ್ಟಿಲ ಮೇಲೂ ಬರಲಿಲ್ಲ. ಅಮ್ಮ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದರಲ್ಲ.

ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್.

ಅವಳಿಗೆ ಈಗ ನಿಜವಾದ ಭಯ ಹುಟ್ಟಿತು. ನಾಳೆ ಅವಳು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು! ಪಟ್ಟಿ ಅವಳ ಪರ ಇದೆ, ಅವನು ಸಹಿ ಹಾಕುತ್ತಾನೆ, ಚಾವಣಿ ರಿಪೇರಿಯಾಗುತ್ತದೆ, ಅಪ್ಪನ ಹೆಸರು ಹಾಗೇ ಉಳಿಯುತ್ತದೆ. ಅವನು ಮಾತ್ರ ಕಳ್ಳನ ಹಾಗೆ ತಲೆ ತಗ್ಗಿಸಿ ಹೋಗುತ್ತಾನೆ.

ಬಾಯಿ ಬಿಟ್ಟರೆ? ಸತ್ತ ಅಪ್ಪನನ್ನು ಹತ್ತು ಜನರ ಮುಂದೆ ತಪ್ಪುಗಾರನನ್ನಾಗಿ ಮಾಡಬೇಕು. ಅಮ್ಮ ಅದನ್ನು ತಡೆದುಕೊಳ್ಳುತ್ತಾರಾ?

ಟೈಲ್ಸನ್ನು ಮತ್ತೆ ಗೋಡೆಗೆ ಒರಗಿಸಿಟ್ಟು ಕೆಳಗಿಳಿದಳು. ಅನ್ನ ಸೇರಲಿಲ್ಲ.

* * *

ರಾಜಿ ಕಚೇರಿಯೆಂದರೆ ಒಂದು ಉದ್ದ ಮೇಜು, ಏಳು ಕುರ್ಚಿ, ತಿರುಗಿದರೆ ಕಿರುಗುಟ್ಟುವ ಫ್ಯಾನು. ಮೇಜಿನ ಆಚೆ ಕೂತಿದ್ದ ಮೇಡಂ ಕಡತದಿಂದ ತಲೆ ಎತ್ತದೆಯೇ ಮಾತಾಡುವವರು. ಈಚೆ ಅವಳು, ಅಮ್ಮ, ಫೈಲನ್ನು ಮಗುವಿನಂತೆ ಅವಚಿಕೊಂಡ ಭಾವ. ಬೇಡವೆಂದರೂ ಅಮ್ಮ ಹಟ ಹಿಡಿದು ಬಂದಿದ್ದರು.

ಅವನು ಎದುರು ಕೂತಿದ್ದ. ಎರಡೇ ದಿನಕ್ಕೆ ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳತ್ತ ಒಮ್ಮೆಯೂ ನೋಡಲಿಲ್ಲ.

"ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು. ಚಾವಣಿ, ಗೋಡೆ, ಪೈಪು ರಿಪೇರಿಯ ಉಳಿದ ಮೊತ್ತ ಬಾಡಿಗೆದಾರರಿಂದ, ಆರು ಕಂತಲ್ಲಿ," ಮೇಡಂ ಓದಿದರು. "ಒಪ್ತೀರಾ?"

"ಒಪ್ತೀನಿ."

"ಏನಾದ್ರೂ ಹೇಳೋದಿದೆಯಾ?"

"ಇಲ್ಲ."

ಭಾವ ಮೀಸೆಯಡಿ ನಕ್ಕರು. ಮೇಡಂ ಕಾಗದ ತಿರುಗಿಸಿ ಮುಂದಕ್ಕೆ ತಳ್ಳಿದರು. ಅವನು ಪೆನ್ನು ತೆಗೆದ. ಅವಳ ಕಿವಿಯಲ್ಲಿ ತನ್ನ ಎದೆಬಡಿತ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆರೆದ. ಬಗ್ಗಿದ.

"ತಡೀರಿ!"

ಎಲ್ಲರೂ ಅವಳತ್ತ ತಿರುಗಿದರು. ಮೇಡಂ ಕೂಡ ಮೊದಲ ಸಲ ತಲೆ ಎತ್ತಿದರು.

"ಆ ಪಟ್ಟಿ... ನಾನು ಬರೆದಿದ್ದು ಸುಳ್ಳು ಮೇಡಂ."

"ಏ, ಕೂತ್ಕೊಳೇ!" ಭಾವ ಪಿಸುಗುಟ್ಟಿದರು.

"ಬಚ್ಚಲಿನ ಗೋಡೆ ನಾನು ತಟ್ಟಿ ನೋಡೇ ಇಲ್ಲ. ನೋಡದೆ ಸರಿ ಇದೆ ಅಂತ ಬರೆದೆ. ನಿನ್ನೆ ನೋಡಿದೆ. ಗೋಡೆ ಪೂರ್ತಿ ಟೊಳ್ಳು. ಪೈಪು ಜೋಡಿಸಿದ್ದೂ ಸರಿ ಇಲ್ಲ. ಇವರು ಬರೋಕೆ ಮುಂಚೆಯಿಂದಲೂ ಹಾಗೇ ಇತ್ತು." ಅವಳ ದನಿ ಒಡೆಯಿತು. ಅಮ್ಮನತ್ತ ನೋಡುವ ಧೈರ್ಯ ಬರಲಿಲ್ಲ. "ಅದು... ನಮ್ಮಪ್ಪ ಹಾಕಿದ ಗೋಡೆ."

"ಮೇಡಂ, ಅದು ಹಾಗಲ್ಲ!" ಅವನು ಎದ್ದು ನಿಂತುಬಿಟ್ಟಿದ್ದ. "ಗೋಡೆ ಚೆನ್ನಾಗೇ ಇತ್ತು. ನಾನೇ ಬಕೆಟ್ ತಾಗಿಸಿ ಟೈಲ್ಸ್ ಬೀಳಿಸಿದ್ದು."

"ಮೊನ್ನೆ ತಾನಾಗೇ ಬಿತ್ತು ಅಂದ್ರಿ!"

"ತಪ್ಪಿ ಹೇಳಿದೆ."

"ಸುಳ್ಳು ಹೇಳ್ಬೇಡಿ! ತಪ್ಪು ನಮ್ಮದು!"

"ನಂದು ಅಂತಿದೀನಲ್ಲ!"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹದಿನಾಲ್ಕು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ತಪ್ಪು ನಂದು, ನಂದು ಅಂತ ಕಿತ್ತಾಡೋರನ್ನ ಇವತ್ತೇ ನೋಡ್ತಿರೋದು. ಇಬ್ರೂ ಕೂತ್ಕೊಳ್ಳಿ."

ಆಗ ಅಮ್ಮ ಬಾಯಿ ತೆರೆದರು.

"ಅವರ ಕೈ ನಡುಗ್ತಿತ್ತು ಮೇಡಂ."

ಮೇಡಂ ಪೆನ್ನು ಕೆಳಗಿಟ್ಟರು.

"ಸಿಮೆಂಟು ಹಿಡಿಯೋಕೆ ಆಗ್ತಿರ್ಲಿಲ್ಲ ಅವರಿಗೆ. ಪೈಪಿಗೆ ಬಟ್ಟೆ ಸುತ್ತಿ, ದಾರ ಕಟ್ಟಿದ್ದು ನಾನು. ಟೈಲ್ಸ್ ಒಂದೊಂದೇ ಹಿಡಿದುಕೊಟ್ಟಿದ್ದೂ ನಾನೇ. ಮುಗಿಸಿದ ದಿನಾನೇ ಅವರು ತಟ್ಟಿ ನೋಡಿದ್ರು. 'ಸರಿಯಾಗಿಲ್ಲ ಕಣೇ, ಕೈ ಸರಿಹೋದ್ಮೇಲೆ ಒಡೆದು ಹೊಸದಾಗಿ ಹಾಕ್ತೀನಿ' ಅಂದ್ರು." ಅಮ್ಮ ಕಣ್ಣೊರೆಸಿಕೊಂಡರು. "ಕೈ ಸರಿಹೋಗ್ಲೇ ಇಲ್ಲ."

"ಅಮ್ಮಾ... ಗೊತ್ತಿತ್ತಾ ನಿಂಗೆ?"

"ಗೋಡೆ ಚೆನ್ನಾಗಿದೆ ಅಂತ ನಾನು ಮುಟ್ಟಿ ಬರ್ತಿದ್ನಾ? ಅವರ ಕೈಯಾಡಿದ ಜಾಗ ಅಂತ ಮುಟ್ತಿದ್ದೆ. ನೀರು ಅಲ್ಲಿಂದಲೇ ಸೋರ್ತಿದೆ ಅಂತ ಅನ್ನಿಸಿತ್ತು. ನಿನ್ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ನೀನು ಅಪ್ಪ ಅಂದ್ರೆ ಹಾಗೆ ಆಡ್ತೀಯಲ್ಲ!" ಅಮ್ಮ ಅವನತ್ತ ತಿರುಗಿದರು. "ನನ್ನ ಮುಖ ನೋಡ್ಕೊಂಡು ನೀವು ಸುಮ್ನಿದ್ರಿ. ನಾನು ಇವಳ ಮುಖ ನೋಡ್ಕೊಂಡು ಸುಮ್ನಿದ್ದೆ. ತಪ್ಪಾಯ್ತು ಕಣಪ್ಪ."

ಅವನು ತಲೆ ತಗ್ಗಿಸಿದ. ಭಾವ ಕೂಡ ಫೈಲಿನ ದಾರ ಬಿಚ್ಚುತ್ತಾ ಕಟ್ಟುತ್ತಾ ಕೂತರು. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಇದಕ್ಕೆ ಕಲಮು ಸಿಗಲಿಲ್ಲ.

ಮೇಡಂ ಹಳೆಯ ಕಾಗದ ಹರಿದು ಹೊಸದು ಬರೆದರು. ಗೋಡೆ, ಪೈಪು ಮಾಲೀಕರ ಪಾಲಿಗೆ. ಸೋರುವುದನ್ನು ನೋಡಿಯೂ ಹೇಳದೆ ಮುಚ್ಚಿದ್ದಕ್ಕೆ ಚಾವಣಿಯ ಅರ್ಧ ಖರ್ಚು ಅವನ ಪಾಲಿಗೆ, ಅಡ್ವಾನ್ಸಿನಿಂದ ಮುರಿದು ಉಳಿದದ್ದು ವಾಪಸ್ಸು.

"ಕೊನೇದೊಂದು," ಎಂದರು. "ಬಾಡಿಗೆ ಮುಂದುವರಿಯತ್ತೋ, ಮನೆ ಖಾಲಿಯೋ?"

ಅವಳು ಅವನ ಮುಖವನ್ನೇ ನೋಡಿದಳು. 'ಇರ್ತೀನಿ ಅನ್ನಿ... ಒಂದು ಸಲ ಅನ್ನಿ...'

"ಖಾಲಿ ಅಂತ ಬರೀರಿ ಮೇಡಂ."

* * *

ಅಮ್ಮ, ಭಾವ ಪ್ರತಿ ತೆಗೆಸಲು ಒಳಗೇ ಉಳಿದರು. ಅವನು ಕಾರಿಡಾರಿನ ತುದಿಯ ಮೆಟ್ಟಿಲಿಳಿಯುತ್ತಿದ್ದ. ಅವಳು ಓಡಿದಳು.

"ನಿಲ್ಲಿ! ಅಷ್ಟು ಕೋಪಾನಾ ನನ್ ಮೇಲೆ?"

ಅವನು ನಿಂತ.

"ನಾಟಕ ಅಂದೆ, ಕ್ಷಮಿಸಿ... ನೂರು ಸಲ ಬೇಕಾದ್ರೂ ಕೇಳ್ತೀನಿ. ಆದ್ರೆ ಮನೆ ಬಿಟ್ಟು ಹೋಗಬೇಡಿ."

"ಕೋಪ ಇದ್ದಿದ್ರೆ ಮುಂದುವರಿಸಿ ಅಂತಾನೇ ಬರೆಸ್ತಿದ್ದೆ."

"ಅಂದ್ರೆ?"

ಅವನು ಗೋಡೆಗೆ ಒರಗಿದ. ಬ್ರೆಡ್ಡಿನ ಒಲೆಯ ಮುಂದೆ ದಿನವೂ ನಿಲ್ಲುವವನಿಗೆ ಈಗ ಬೆವರು ಇಳಿಯುತ್ತಿತ್ತು.

"ಒಂದು ಮಾತು ಹೇಳಬೇಕಿತ್ತು ನಿಮಗೆ. ಸಂಜೆ ಆರೂ ಕಾಲಿಗೆ ಬಂದಾಗಲೆಲ್ಲ ಹೇಳಬೇಕು ಅಂದ್ಕೊಳ್ತಿದ್ದೆ. ಬಾಡಿಗೆ ಮನೇಲಿದ್ಕೊಂಡು ಮಾಲೀಕರಿಗೆ ಅಂಥ ಮಾತು ಹೇಗೆ ಹೇಳೋದು? ನಿಮ್ಮ ಮನೆ ಕೆಡಿಸಿದವನು ಬೇರೆ. ನೀವು ಬೇಡ ಅಂದ್ರೆ ಒಂದೇ ಮೆಟ್ಟಿಲು ಹತ್ತಿ ಇಳಿಯೋದು ಇಬ್ರಿಗೂ ಕಷ್ಟ. ಅದಕ್ಕೆ ಮೊದಲು ಖಾಲಿ ಅಂತ ಬರೆಸಿದೆ. ಈಗ ನೀವು ನನ್ನ ಮಾಲೀಕರಲ್ಲ."

"ಈಗ... ಹೇಳಬಹುದಲ್ಲ?"

"ನೀವಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ."

ಅವಳಿಗೆ ಕಣ್ಣು ತುಂಬಿ ಬಂತು. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು ಅಂದುಕೊಳ್ಳುವಷ್ಟರಲ್ಲಿ, ಇನ್ನೊಂದು ಥರದ ಹೆದರಿಕೆ ಬಂದು ಕೂತಿತು. ಇದು ಮಾತ್ರ ಹಿತವಾಗಿತ್ತು.

"ನೀವು ಏನೂ ಹೇಳ್ತಿಲ್ಲ," ಎಂದ ಅವನು. "ಭಯ ಆಗ್ತಿದೆ ನಂಗೆ."

"ನೀವು ಏನೂ ಕೇಳೇ ಇಲ್ವಲ್ಲ! ಇಷ್ಟ ಅಂದ್ರಿ, ಸುಮ್ನಾದ್ರಿ."

"ಹಾಗಾದ್ರೆ ಕೇಳ್ತೀನಿ." ಅವನು ಒಂದು ಮೆಟ್ಟಿಲು ಮೇಲೆ ಬಂದ. "ನನ್ನನ್ನ ಮದುವೆ ಆಗ್ತೀರಾ?"

"ಅಪ್ಪ ಮಾಡಿದ ತಪ್ಪಿಗೆ ಕನಿಕರ ಪಟ್ಟು ಕೇಳ್ತಿಲ್ಲ ತಾನೇ?"

"ಇಲ್ಲ. ನನಗೋಸ್ಕರ ಕೇಳ್ತಿದೀನಿ."

ಅವಳು ಅವನ ಕೈ ಹಿಡಿದುಕೊಂಡಳು. ಕಾರಿಡಾರಿನಲ್ಲಿ ಭಾವನ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು. ಕೈ ಬಿಡಲಿಲ್ಲ.

"ಆಗ್ತೀನಿ," ಎಂದಳು. "ಆದ್ರೆ ಇನ್ಮೇಲೆ ನಂಗೆ ನೋವಾಗತ್ತೆ ಅಂತ ಯಾವುದನ್ನೂ ಮುಚ್ಚಿಡಬಾರದು."

"ಮುಚ್ಚಿಡಲ್ಲ."

"ಎಷ್ಟೇ ನೋವಾದ್ರೂ?"

"ಎಷ್ಟೇ ನೋವಾದ್ರೂ ಮೊದಲು ನಿಮಗೇ ಹೇಳ್ತೀನಿ. ಹೇಳಿ, ನಿಮ್ ಪಕ್ಕದಲ್ಲೇ ಕೂತಿರ್ತೀನಿ."